80 ಜನ ಅಂದ್ರೆ ಎಷ್ಟು ಜನ?

2024ರ ಜನವರಿ ಮೊದಲ ವಾರ. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಗಲಾಟೆ. ಅಕ್ಕನ ಮಗಳಿಗೆ ಆಗಷ್ಟೇ ಮದುವೆ ಆಗಿತ್ತು. ಹನಿಮೂನಿಗೆ ಮಾಲ್ಡೀವ್ಸ್ ಟಿಕೆಟ್ ಬುಕ್ ಆಗಿತ್ತು. ಮೋದಿಯವರು ಲಕ್ಷದ್ವೀಪಕ್ಕೆ ಹೋಗಿ ಸಮುದ್ರಕ್ಕೆ ಇಳಿದ ಫೋಟೋ ಹಾಕಿದರು. ಅದಕ್ಕೆ ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳು ಬಾಯಿಗೆ ಬಂದ ಹಾಗೆ ಬರೆದರು. ಅಲ್ಲಿನ ಸರ್ಕಾರ ಅವರನ್ನು ಸಸ್ಪೆಂಡ್ ಮಾಡಿತು. ಆದರೂ ನಮ್ಮ ಭಾವನ ಸಿಟ್ಟು ಇಳಿಯಲಿಲ್ಲ. 'ಕ್ಯಾನ್ಸಲ್ ಮಾಡು, ಹಣ ಹೋದರೆ ಹೋಗಲಿ' ಅಂತ ಅವರು. 'ಲಕ್ಷದ್ವೀಪದ ಅಗತ್ತಿಗೆ ಹೋಗುವ' ಅಂತ ಇನ್ನೊಬ್ಬರು. ಆಮೇಲೆ ಯಾರೋ ನನ್ನನ್ನು ಟ್ಯಾಗ್ ಮಾಡಿದರು. 'ಚಿಕ್ಕಮ್ಮ 5 ವರ್ಷ ಅಲ್ಲೇ ಇದ್ದರಲ್ಲ, ಅವರು ಹೇಳಲಿ. ಅಷ್ಟು ಚಿಕ್ಕ ದೇಶಕ್ಕೆ ಎಂತ ಅಹಂಕಾರ ಮಾರಾಯ್ರೆ?'

ನಾನು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೊನೆಗೆ ಒಂದು ಕೈಮುಗಿದ ಇಮೋಜಿ ಹಾಕಿ ಸುಮ್ಮನಾದೆ. ಅಂದು ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು.

ನಾನು ಲೆಕ್ಕದ ಟೀಚರ್. ಊರು ಮಂಗಳೂರು. ಅಪ್ಪ ಬಂದರಿನ ಒಂದು ಅಕ್ಕಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಅವರ ಗಿರಾಕಿಗಳಲ್ಲಿ ತುಂಬ ಜನ ದ್ವೀಪದವರು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಕಡೆಯವರು. ಈ ಅಮಿನ್‌ದೀವಿ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಮಂಜಿ ಹಡಗುಗಳು ತೆಂಗಿನಕಾಯಿ, ಒಣಮೀನು ತರುತ್ತಿದ್ದವು. ಅಕ್ಕಿ, ಈರುಳ್ಳಿ, ಸಿಮೆಂಟ್ ತುಂಬಿಕೊಂಡು ಹೋಗುತ್ತಿದ್ದವು. ಮಳೆಗಾಲ ಶುರುವಾಗುವ ಮೊದಲು ದ್ವೀಪದವರ ಮುಖದಲ್ಲಿ ಒಂದು ಗಾಬರಿ ಇರುತ್ತಿತ್ತು. ಸಮುದ್ರ ಏಳುವ ಮೊದಲು ಅಕ್ಕಿ ದಾಟಿಸಬೇಕು. ಅಪ್ಪ ಹೇಳುತ್ತಿದ್ದರು, 'ದ್ವೀಪದವರ ಹತ್ತಿರ ಚೌಕಾಸಿ ಜಾಸ್ತಿ ಮಾಡಬಾರದು. ಅವರಿಗೆ ಬೇರೆ ಅಂಗಡಿ ಇಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು.' ಆಗ ನನಗೆ ಇದು ವ್ಯಾಪಾರದ ಮಾತು ಅಂತ ಅಷ್ಟೇ ಅನ್ನಿಸಿತ್ತು.

2011ರ ಜನವರಿಯಲ್ಲಿ ನಾನು ಮಾಲ್ಡೀವ್ಸ್‌ಗೆ ಹೋದೆ. ಪೇಪರಿನಲ್ಲಿ ಜಾಹೀರಾತು ನೋಡಿ, ಒಬ್ಬ ಏಜೆಂಟ್ ಮೂಲಕ. ರಾಜಧಾನಿ ಮಾಲೆಯಲ್ಲಿ ಇಳಿದ ಮೇಲೆ ಇನ್ನೊಂದು ವಿಮಾನ. ಸುಮಾರು 540 ಕಿಲೋಮೀಟರ್ ದಕ್ಷಿಣಕ್ಕೆ, ಭೂಮಧ್ಯ ರೇಖೆ ದಾಟಿ, ಅದ್ದು ಹವಳದ್ವೀಪ ಸಮೂಹ. ಇಳಿದದ್ದು ಗನ್ ಅನ್ನುವ ದ್ವೀಪ. ಶಾಲೆ ಪಕ್ಕದ ಫೇದೂನಲ್ಲಿ. ಗನ್‌ನಿಂದ ಫೇದೂ, ಮರದೂ, ಹಿತದೂವರೆಗೆ ನಡುವೆ ಸಮುದ್ರ ತುಂಬಿಸಿ ಒಂದೇ ರಸ್ತೆ ಮಾಡಿದ್ದಾರೆ. ಎಡಗಡೆ ನೀರು, ಬಲಗಡೆ ನೀರು. ನಮ್ಮ ಮರವಂತೆ ನೆನಪಾಯಿತು.

ಕೆಲಸಕ್ಕೆ ಸೇರಿದ ದಿನವೇ ನನ್ನ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರು. 'ವೀಸಾ ಕೆಲಸಕ್ಕೆ ಬೇಕು, ಎರಡು ವಾರದಲ್ಲಿ ಕೊಡುತ್ತೇವೆ' ಅಂದರು. ಕೈಗೆ ಬಂದದ್ದು 11 ತಿಂಗಳ ಮೇಲೆ. ಯಾರು ಏನು ಅಂತ ಬರೆಯುವುದಿಲ್ಲ. ಆಗ ಅಲ್ಲಿ ಇದು ತುಂಬ ಕಡೆ ನಡೆಯುತ್ತಿದ್ದ ವಿಷಯ. ಇದನ್ನು ಹೇಳಿದ್ದಕ್ಕೆ ಒಂದು ಕಾರಣ ಇದೆ, ಮುಂದೆ ಬರುತ್ತದೆ.

ಇಡೀ ದೇಶದ ಜನಸಂಖ್ಯೆ ಈಗ, ಹೊರಗಿನಿಂದ ಬಂದು ಕೆಲಸ ಮಾಡುವವರನ್ನೂ ಸೇರಿಸಿ, 5 ಲಕ್ಷ ಚಿಲ್ಲರೆ. ಅಂದರೆ ಹೆಚ್ಚು ಕಮ್ಮಿ ಮಂಗಳೂರು ಪಟ್ಟಣದಷ್ಟು. ಅದಕ್ಕೊಂದು ಪ್ರೆಸಿಡೆಂಟ್, ಒಂದು ಸಂಸತ್ತು, ಒಂದು ಸೈನ್ಯ, ವಿಶ್ವಸಂಸ್ಥೆಯಲ್ಲಿ ಒಂದು ಕುರ್ಚಿ. 1,192 ದ್ವೀಪ, ಜನ ಇರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರ್‌ಗಿಂತ ಜಾಸ್ತಿ. ಮಂಗಳೂರು ಪಟ್ಟಣದ ಜನರನ್ನು ತಂದು ಇಲ್ಲಿಂದ ಮುಂಬಯಿವರೆಗೆ ಸಮುದ್ರದಲ್ಲಿ ಚಿಮುಕಿಸಿದ ಹಾಗೆ. ಹೊಟ್ಟೆನೋವು ಬಂದರೆ ಡಾಕ್ಟರ್ ಹತ್ತಿರ ಹೋಗುವುದು ಹೇಗೆ? ದೋಣಿ. ಸಮುದ್ರ ಜೋರಾಗಿದ್ದರೆ? ಕಾಯುವುದು.

ಅದಕ್ಕೇ ಹೆಲಿಕಾಪ್ಟರ್.

2010ರಲ್ಲಿ ಭಾರತ ಒಂದು ಧ್ರುವ್ ಹೆಲಿಕಾಪ್ಟರನ್ನು ಗನ್‌ಗೆ ಕೊಟ್ಟಿತ್ತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾಡಿದ್ದು. 2013ರಲ್ಲಿ ಇನ್ನೊಂದು ಬಂತು, ಲಾಮು ಕಡೆಗೆ. ತುಂಬ ಆಮೇಲೆ, 2020ರಲ್ಲಿ, ಉತ್ತರದ ಹನಿಮಾದೂಗೆ ಒಂದು ಡಾರ್ನಿಯರ್ ವಿಮಾನ. ಕೊಟ್ಟದ್ದು ನಾವು, ಹಾರಿಸುತ್ತಿದ್ದವರೂ ನಮ್ಮ ಸೈನಿಕರೇ, ರಿಪೇರಿ ಮಾಡುತ್ತಿದ್ದವರೂ ಅವರೇ. ಆದರೆ ಎಲ್ಲಿಗೆ ಹಾರಬೇಕು ಅಂತ ಹೇಳುತ್ತಿದ್ದದ್ದು ಮಾಲ್ಡೀವ್ಸ್ ಸೈನ್ಯ. ಕಾಗದದ ಮೇಲೆ ಹಾಗೆ.

ನನ್ನ ಕ್ಲಾಸಿನ ಮಕ್ಕಳು ಆ ಶಬ್ದವನ್ನು ನನಗಿಂತ ಮೊದಲೇ ಹಿಡಿಯುತ್ತಿದ್ದರು. ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಿದ್ದರೆ ಹಿಂದೆ ಗುಸುಗುಸು ನಿಂತುಬಿಡುತ್ತಿತ್ತು. ತಿರುಗಿ ನೋಡಿದರೆ ಎಲ್ಲರ ತಲೆ ಒಂದೇ ಕಡೆಗೆ ವಾಲಿದೆ. ಆಮೇಲೆ ಯಾರಾದರೂ ಒಬ್ಬರು ಅಲ್ಲಿನ ಭಾಷೆ ದಿವೇಹಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು. 'ಯಾರಿಗೆ ಹುಷಾರಿಲ್ಲ?' ಯಾವ ದ್ವೀಪದವರು, ಯಾರ ಮನೆಯವರು ಅಂತ ಲೆಕ್ಕ ಹಾಕುತ್ತಿದ್ದರು. ಫುವಮುಲಾದಿಂದಲಾ, ಗಾಫು ಕಡೆಯಿಂದಲಾ. ಅಲ್ಲಿ ಎಲ್ಲರೂ ಎಲ್ಲರಿಗೂ ಯಾವುದೋ ಒಂದು ಕಡೆಯಿಂದ ನೆಂಟರು.

2013ರಲ್ಲಿ ಒಂದು ದಿನ ಆ ಪ್ರಶ್ನೆಗೆ ಉತ್ತರ ನಮ್ಮ ಕ್ಲಾಸಿನಲ್ಲೇ ಕೂತಿತ್ತು. ಮೂರನೇ ಬೆಂಚಿನ ಹುಡುಗ. ನಾನು ಬಾಡಿಗೆಗಿದ್ದ ಮನೆಯವರ ಮೊಮ್ಮಗ. ಅವನ ಅಪ್ಪ ಗಾಫು ಕಡೆಯ ಒಂದು ರೆಸಾರ್ಟಿನಲ್ಲಿ ಅಡುಗೆ ಕೆಲಸಕ್ಕಿದ್ದರು. ಎದೆನೋವು. ಆಫೀಸಿನಿಂದ ಕರೆ ಬಂತು. ಹುಡುಗನನ್ನು ಒಬ್ಬನೇ ಕಳಿಸಲು ಮನಸ್ಸಾಗದೆ ನಾನೂ ಪಿಕಪ್‌ನಲ್ಲಿ ಹತ್ತಿದೆ.

ಗನ್ ತಲುಪುವಾಗ ರೆಕ್ಕೆ ಇನ್ನೂ ತಿರುಗುತ್ತಿತ್ತು. ಬಿಸಿ ಗಾಳಿ, ಸೀಮೆಎಣ್ಣೆಯಂಥ ವಾಸನೆ. ಸ್ಟ್ರೆಚರ್ ಇಳಿಸಿದರು. ಓವರಾಲ್ ಹಾಕಿದ ಒಬ್ಬ ಹುಡುಗ ಡ್ರಿಪ್ ಬಾಟ್ಲಿಯನ್ನು ಕೈಯೆತ್ತಿ ಹಿಡಿದುಕೊಂಡು ಸ್ಟ್ರೆಚರ್ ಜೊತೆ ಅಡ್ಡಡ್ಡ ಓಡುತ್ತಿದ್ದ. ಬಾಟ್ಲಿ ಕೆಳಗೆ ಬರಬಾರದು ಅಂತ ತುದಿಗಾಲಿನಲ್ಲಿ. ಆಂಬುಲೆನ್ಸಿನಲ್ಲಿ ಕೊಕ್ಕೆ ಸಿಗಲಿಲ್ಲ. ಅವನು ಹಾಗೇ ಒಳಗೆ ಹತ್ತಿ ಕೂತ, ಕೈ ಮೇಲೆಯೇ. ನಾನು ಸೀರೆಯಲ್ಲಿದ್ದದ್ದು ನೋಡಿ ಹಿಂದಿಯಲ್ಲಿ ಏನೋ ಕೇಳಿದ. ನನ್ನ ಹಿಂದಿ ಕೇಳಿದ ತಕ್ಷಣ, 'ಕನ್ನಡದೋರೇನ್ರಿ ಮೇಡಂ? ನಾ ಗೋಕಾಕ ಕಡಿಯಾಂವ' ಅಂದ. ಭೂಮಧ್ಯ ರೇಖೆಯ ಕೆಳಗೆ ಗೋಕಾಕದ ಕನ್ನಡ! ಹಿತದೂ ಆಸ್ಪತ್ರೆ ಬರುವ ತನಕ ಅವನು ಬಾಟ್ಲಿ ಹಿಡಿದ ಕೈ ಬದಲಿಸಿದ್ದು ಎರಡೇ ಸಲ. ನಾನು ಎಣಿಸಿದ್ದೆ, ಲೆಕ್ಕದ ಟೀಚರ್ ಅಲ್ವಾ.

ಹುಡುಗನ ಅಪ್ಪ ಉಳಿದರು.

ಈ ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ನಮ್ಮ ವಾಟ್ಸಾಪ್ ಗ್ರೂಪಿಗೆ ತುಂಬ ಖುಷಿಯಾಗುತ್ತದೆ. ಆದರೆ ನಾನಿದ್ದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಹುಡುಗನ ತಾಯಿಯ ಅಪ್ಪ. ಸಂಜೆ ಮನೆ ಎದುರು ಬಲೆ ಹೆಣೆದ ಜೋಲಿಯಲ್ಲಿ ಕೂತು ನನಗೂ ಚಹಾ ಕೊಡುತ್ತಿದ್ದರು. 'ಟೂ ಶುಗರ್ಸ್, ಮಿಸ್?' ಅಂತ ಪಕ್ಕಾ ಬ್ರಿಟಿಷ್ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಅಷ್ಟು ಚಂದದ ಇಂಗ್ಲಿಷ್ ಎಲ್ಲಿ ಕಲಿತಿರಿ ಅಂದರೆ ಗನ್ ಕಡೆ ಕೈ ತೋರಿಸುತ್ತಿದ್ದರು.

1957ರಲ್ಲಿ ಬ್ರಿಟಿಷರು ಗನ್‌ನಲ್ಲಿ ವಾಯುನೆಲೆ ಕಟ್ಟಲು ಶುರು ಮಾಡಿದರು. ಗನ್‌ನವರನ್ನು ಎಬ್ಬಿಸಿ ಫೇದೂಗೆ ಹಾಕಿದರು. ಫೇದೂನಲ್ಲಿ ಜಾಗ ಸಾಲದೆ ಅಲ್ಲಿನವರನ್ನು ಮರದೂಗೆ ತಳ್ಳಿದರು. ಅಜ್ಜ ಹುಡುಗನಾಗಿದ್ದಾಗ ಅಧಿಕಾರಿಗಳ ಮೆಸ್ಸಿನಲ್ಲಿ ಕೆಲಸಕ್ಕೆ ಸೇರಿದರು. ಸಂಬಳ, ಸೈಕಲ್, ಕರೆಂಟು, ಸಿನಿಮಾ. ಹೊಟ್ಟೆ ತುಂಬಿತು. 1959ರಲ್ಲಿ ದಕ್ಷಿಣದ ದ್ವೀಪಗಳು ಮಾಲೆಯ ಮೇಲಿನ ಸಿಟ್ಟಿಗೆ ತಮ್ಮದೇ ಬೇರೆ ದೇಶ ಅಂತ ಘೋಷಿಸಿಕೊಂಡವು, ಸುವಾದಿವ್ ಗಣರಾಜ್ಯ. ಬ್ರಿಟಿಷರು ಬೆನ್ನಿಗಿದ್ದಾರೆ ಅಂತ ಅವರ ನಂಬಿಕೆ. ಬ್ರಿಟಿಷರಿಗೆ ಬೇಕಾಗಿದ್ದದ್ದು ರನ್‌ವೇ. ಅದು ಮಾಲೆಯ ಜೊತೆ ಇತ್ಯರ್ಥ ಆದ ಮೇಲೆ ಕೈಬಿಟ್ಟರು. 1963ಕ್ಕೆ ಆ ದೇಶ ಮುಗಿಯಿತು. ಅದರ ನಾಯಕ ಅಬ್ದುಲ್ಲಾ ಅಫೀಫ್ ದೀದಿ ಸೀಶೆಲ್ಸ್‌ಗೆ ಹೋದರು. 1976ರಲ್ಲಿ ವಾಯುನೆಲೆಯನ್ನೂ ಮುಚ್ಚಿದರು. ಒಂದು ಬೆಳಿಗ್ಗೆ ಎಲ್ಲರ ಕೆಲಸ ಹೋಯಿತು.

ಅಜ್ಜನಿಗೆ ಬ್ರಿಟಿಷರ ಮೇಲೆ ಸಿಟ್ಟಿರಲಿಲ್ಲ. ಅದೇ ನನಗೆ ವಿಚಿತ್ರ ಅನ್ನಿಸುತ್ತಿದ್ದದ್ದು. ಬಹಳ ಪ್ರೀತಿಯಿಂದ ನೆನೆಯುತ್ತಿದ್ದರು. ಆದರೆ ನಮ್ಮ ಹೆಲಿಕಾಪ್ಟರ್ ತಲೆ ಮೇಲೆ ಹೋದಾಗಲೆಲ್ಲ ಅದನ್ನು ಕಣ್ಣಿನಲ್ಲೇ ಗನ್‌ವರೆಗೆ ಬಿಟ್ಟು ಬರುತ್ತಿದ್ದರು. ಒಮ್ಮೆ ಕೇಳಿದರು. 'ಇವರು ಎಷ್ಟು ವರ್ಷಕ್ಕೆ ಬಂದಿದ್ದಾರೆ, ಮಿಸ್?' ನನಗೆ ಗೊತ್ತಿರಲಿಲ್ಲ. ಅಳಿಯನ ಜೀವ ಉಳಿದ ಮೇಲೂ ಅವರು ಆ ಪ್ರಶ್ನೆ ಬಿಡಲಿಲ್ಲ.

2012ರ ಕೊನೆಗೆ ಜಿಎಂಆರ್ ಗಲಾಟೆ ಆಯಿತು. ಆಗ ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇದ್ದ ಕಂಪನಿ. ಮಾಲೆ ವಿಮಾನ ನಿಲ್ದಾಣದ ಗುತ್ತಿಗೆ 2010ರಲ್ಲಿ ಅವರಿಗೆ ಸಿಕ್ಕಿತ್ತು, 50 ಕೋಟಿ ಡಾಲರಿಗಿಂತ ದೊಡ್ಡದು. ಗುತ್ತಿಗೆ ಕೊಟ್ಟ ಪ್ರೆಸಿಡೆಂಟ್ ನಶೀದ್ 2012ರ ಫೆಬ್ರವರಿಯಲ್ಲಿ ಅಧಿಕಾರ ಕಳೆದುಕೊಂಡರು. ಹೊಸ ಸರ್ಕಾರ ನವೆಂಬರಿನಲ್ಲಿ ಗುತ್ತಿಗೆ ರದ್ದು ಮಾಡಿತು. ದೆಹಲಿ ಬೈಯಲಿಲ್ಲ, ಕೂಗಲಿಲ್ಲ. ವೀಸಾ ಬಿಗಿ ಮಾಡಿತು ಅಷ್ಟೆ. ಕೊಟ್ಟ ಕಾರಣಗಳಲ್ಲಿ ಒಂದು, ಮಾಲ್ಡೀವ್ಸ್‌ನಲ್ಲಿ ಭಾರತೀಯ ಕೆಲಸಗಾರರ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುತ್ತಾರೆ ಅನ್ನುವುದು. ಅಂದರೆ ನನ್ನಂಥವರು! ನನ್ನ ಪಾಸ್‌ಪೋರ್ಟಿಗಾಗಿ 11 ತಿಂಗಳು ಯಾರೂ ಬಾಯಿ ಬಿಟ್ಟಿರಲಿಲ್ಲ. ಈಗ ಒಂದು ವಿಮಾನ ನಿಲ್ದಾಣದ ಜೊತೆ ನಾನೂ ನೆನಪಾದೆ.

ಆ ವೀಸಾ ಪೆಟ್ಟು ಬಿದ್ದದ್ದು ಮಂತ್ರಿಗಳ ಮೇಲಲ್ಲ. ಅಜ್ಜನ ಹೆಂಡತಿಗೆ ಕಣ್ಣಿನ ಪೊರೆ. ತಿರುವನಂತಪುರಕ್ಕೆ ಹೋಗುವುದು ಅಂತ ಎಲ್ಲ ಗೊತ್ತಾಗಿತ್ತು. ಅಜ್ಜಿ ಫೇದೂವಿನಿಂದ ಮಾಲೆಗೆ ಹೋಗಿ, ನಮ್ಮ ಹೈಕಮಿಷನ್ ಎದುರಿನ ಸಾಲಿನಲ್ಲಿ ದಿನಗಟ್ಟಲೆ ನಿಂತು, ಆಗದೆ ವಾಪಸ್ ಬಂದರು. ಆ ವಾರ ಅವರು ನನ್ನ ಹತ್ತಿರ ಮಾತಾಡಲಿಲ್ಲ. ಚಹಾ ಮಾತ್ರ ಬರುತ್ತಿತ್ತು. ನನಗೆ ಅಪ್ಪನ ಮಾತು ನೆನಪಾಯಿತು. ಬೇರೆ ಅಂಗಡಿ ಇಲ್ಲ ಅಂತ ಅವರಿಗೂ ಗೊತ್ತು.

ಇನ್ನೊಂದು ಮುಖವನ್ನೂ ಹೇಳಬೇಕು. 2014ರ ಡಿಸೆಂಬರ್ 4. ರಜೆಗೆ ಊರಿಗೆ ಬರಲು ಮಾಲೆಯಲ್ಲಿದ್ದೆ. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಕ್ಕೆ ಬೆಂಕಿ ಬಿತ್ತು. ಒಂದು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಿನಲ್ಲಿ ಒಂದೇ ಸಲಕ್ಕೆ ನಲ್ಲಿ ಒಣಗಿತು. ಕುಡಿಯುವಂಥ ಬಾವಿನೀರಿಲ್ಲ, ಹೊಳೆ ಇಲ್ಲ. ಅಂಗಡಿಗಳಲ್ಲಿ ಬಾಟ್ಲಿಗೆ ಹೊಡೆದಾಟ. ಮರುದಿನವೇ ನಮ್ಮ ವಾಯುಪಡೆಯ ವಿಮಾನಗಳು ನೀರು ಹೊತ್ತು ಇಳಿದವು. ಆಮೇಲೆ ಸುಕನ್ಯಾ, ದೀಪಕ್ ಅನ್ನುವ ನೌಕೆಗಳು ಬಂದವು. ನಾನೂ ಸಾಲಿನಲ್ಲಿ ನಿಂತು ಎರಡು ಬಾಟ್ಲಿ ತಂದೆ. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಚೀನಾವೂ ನೀರು ಕಳಿಸಿತ್ತು. ಊರಿಗೆ ಬಂದು ಹೇಳಿದರೆ ಮನೆಯಲ್ಲಿ ಯಾರಿಗೂ ಅದು ಗೊತ್ತೇ ಇರಲಿಲ್ಲ.

2015ರ ಕೊನೆಗೆ ಕೆಲಸ ಬಿಟ್ಟು ಬಂದೆ. ಅಬ್ದುಲ್ಲಾ ಯಾಮೀನ್ ಪ್ರೆಸಿಡೆಂಟ್ ಆಗಿದ್ದ ಕಾಲ. ಅವರು ಚೀನಾದ ಕಡೆಗೆ ಸರಿದರು, ಮಾಲೆಗೂ ವಿಮಾನ ನಿಲ್ದಾಣಕ್ಕೂ ನಡುವೆ ಚೀನಾದ ಹಣದ ಸೇತುವೆ ಎದ್ದಿತು. 2018ರಲ್ಲಿ ಹೆಲಿಕಾಪ್ಟರ್ ವಾಪಸ್ ತೆಗೆದುಕೊಳ್ಳಿ ಅಂದರು. ಅಷ್ಟರಲ್ಲಿ ಚುನಾವಣೆಯಲ್ಲಿ ಸೋತರು. ಆಮೇಲೆ ಬಂದ ಸೋಲಿಹ್ 'ಇಂಡಿಯಾ ಫಸ್ಟ್' ಅಂದರು. ಬೀದಿಯಲ್ಲಿ ಅದಕ್ಕೆ ಉತ್ತರವಾಗಿ 2020ರಿಂದ 'ಇಂಡಿಯಾ ಔಟ್' ಶುರುವಾಯಿತು.

2021ರಲ್ಲಿ ಒಂದು ದಿನ ಫೇಸ್‌ಬುಕ್ ತೆರೆದರೆ ಮೂರನೇ ಬೆಂಚಿನ ಹುಡುಗ. ಕೆಂಪು ಬಣ್ಣದ 'ಇಂಡಿಯಾ ಔಟ್' ಚೌಕಟ್ಟಿನೊಳಗೆ ಅವನ ಮುಖ. ನನಗೆ ಕೈ ನಡುಗಿತು. ತಡೆಯಲಾಗದೆ ಮೆಸೇಜ್ ಹಾಕಿದೆ. 'ನಿನ್ನ ಅಪ್ಪನನ್ನು ಹೊತ್ತು ತಂದದ್ದು ಯಾರು ಅಂತ ಮರೆತಿಯಾ?'

ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂತು. 'ಮಿಸ್, ಮರೆತಿಲ್ಲ. ನೀವು ಅನುಪಾತ ಕಲಿಸಿದ್ದಿರಿ. ಒಂದು ಲೆಕ್ಕ ಮಾಡಿ ಕೊಡಿ. ಇಲ್ಲಿ 80ರ ಆಸುಪಾಸು ಇಂಡಿಯನ್ ಸೈನಿಕರು ಇದ್ದಾರೆ ಅನ್ನುತ್ತಾರೆ. ನಾವು 5 ಲಕ್ಷ ಜನ. ನೀವು 140 ಕೋಟಿ. ಹಾಗಾದರೆ ನಿಮ್ಮ ದೇಶದಲ್ಲಿ ಎಷ್ಟು ಪರದೇಶದ ಸೈನಿಕರು ಇದ್ದ ಹಾಗೆ?'

ಹಾಲು ತಂದ ಬಿಲ್ಲಿನ ಹಿಂದೆ ಬರೆದು ನೋಡಿದೆ. 140 ಕೋಟಿ ಭಾಗಿಸು 5 ಲಕ್ಷ, 2,800. ಅದನ್ನು 80ರಿಂದ ಗುಣಿಸಿದರೆ 2,24,000.

ನಮ್ಮ ನೆಲದಲ್ಲಿ ಎರಡು ಕಾಲು ಲಕ್ಷ ಬೇರೆ ದೇಶದ ಸೈನಿಕರು. ಎಷ್ಟೇ ಒಳ್ಳೆಯವರಿರಲಿ, ಎಷ್ಟೇ ಡ್ರಿಪ್ ಬಾಟ್ಲಿ ಹಿಡಿಯಲಿ. ನಮ್ಮ ಭಾವ ಏನು ಮಾಡುತ್ತಿದ್ದರು? ಹನಿಮೂನ್ ಟಿಕೆಟ್ ಕ್ಯಾನ್ಸಲ್ ಮಾಡಿ ಸುಮ್ಮನಿರುತ್ತಿದ್ದರಾ?

ಅನುಪಾತದ ಲೆಕ್ಕಕ್ಕೂ ಒಂದು ಮಿತಿ ಇದೆ. ಮೂರು ಕಡೆ ಹಂಚಿಹೋದ 80 ಜನ, ಅವರಲ್ಲಿ ಪೈಲಟ್‌ಗಳು, ಮೆಕ್ಯಾನಿಕ್‌ಗಳು, ಡಾಕ್ಟರುಗಳು ಇದ್ದಾರೆ. ಅವರು ಯಾವ ದೇಶವನ್ನು ಹಿಡಿದಾರು? ಹಾಗಂತ ಬರೆದೆ. ಅವನು ಒಂದೇ ಇಸವಿ ಬರೆದು ಕಳಿಸಿದ. '1988'.

ಇದು ನನಗೆ ಹೊಳೆದೇ ಇರಲಿಲ್ಲ. ನಮಗೆ 1988 ಅಂದರೆ ಆಪರೇಷನ್ ಕ್ಯಾಕ್ಟಸ್. ನವೆಂಬರ್ 3ರ ಬೆಳಗಿನ ಜಾವ ಲುತುಫಿ ಅನ್ನುವ ಮಾಲ್ಡೀವ್ಸ್ ವ್ಯಾಪಾರಿ ಶ್ರೀಲಂಕಾದ ತಮಿಳು ಬಂಡುಕೋರ ಗುಂಪು ಪ್ಲಾಟ್‌ನ ಜನರನ್ನು ಕರೆದುಕೊಂಡು ಮಾಲೆಗೆ ಇಳಿದ. ಪ್ರೆಸಿಡೆಂಟ್ ಗಯೂಮ್ ಅಡಗಿಕೊಂಡು ಸಹಾಯಕ್ಕೆ ದೇಶ ದೇಶಗಳಿಗೆ ಫೋನ್ ಮಾಡಿದರು. ಅದೇ ರಾತ್ರಿ ಆಗ್ರಾದಿಂದ ಹೊರಟ ನಮ್ಮ ವಿಮಾನಗಳು 2,000 ಕಿಲೋಮೀಟರಿಗೂ ದೂರ ಹಾರಿ, ಕತ್ತಲಲ್ಲಿ ಮಾಲೆ ಪಕ್ಕದ ಹುಲುಲೆ ದ್ವೀಪದಲ್ಲಿ ಪ್ಯಾರಾ ಸೈನಿಕರನ್ನು ಇಳಿಸಿದವು. ಹಡಗಿನಲ್ಲಿ ಒತ್ತೆಯಾಳುಗಳ ಜೊತೆ ಓಡಿದವರನ್ನು ಗೋದಾವರಿ ಯುದ್ಧನೌಕೆ ಬೆನ್ನಟ್ಟಿ ಹಿಡಿಯಿತು. ಕೆಲಸ ಮುಗಿದ ಮೇಲೆ ಹೆಚ್ಚಿನವರು ವಾಪಸ್ ಬಂದರು. ಅದೇ ಹೊತ್ತಿಗೆ ಶ್ರೀಲಂಕಾದಲ್ಲಿ ನಮ್ಮ ಶಾಂತಿಪಾಲನಾ ಪಡೆ ಸಿಕ್ಕಿಹಾಕಿಕೊಂಡಿತ್ತು, ಸಾವಿರಕ್ಕೂ ಜಾಸ್ತಿ ಸೈನಿಕರನ್ನು ಕಳೆದುಕೊಂಡಿತು. ಮಾಲೆಯದ್ದು ಅದಕ್ಕೆ ತದ್ವಿರುದ್ಧ. ಹೋದರು, ಮುಗಿಸಿದರು, ಬಂದರು. ನಾವು ಹೆಮ್ಮೆಪಡುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಆ ಹುಡುಗ ಹೇಳಿದ್ದು ಬೇರೆ. ಅವತ್ತು ಮಾಲೆಯನ್ನು ಹಿಡಿದವರು ಎಷ್ಟು ಜನ? ಸುಮಾರು 80.

80 ಜನ ಬಂದೂಕು ಹಿಡಿದು ಒಂದು ಬೆಳಿಗ್ಗೆ ರಾಜಧಾನಿಯನ್ನೇ ತೆಗೆದುಕೊಂಡದ್ದನ್ನು ಕಂಡ ದೇಶ ಅದು. ಅಲ್ಲಿ 80 ಅನ್ನುವುದು ನಮ್ಮ ಹಾಗೆ ಚಿಲ್ಲರೆ ಸಂಖ್ಯೆ ಅಲ್ಲ. ಅವರನ್ನು ಉಳಿಸಿದ್ದೂ ನಾವೇ, ನಮ್ಮ ಸಂಖ್ಯೆ ನೋಡಿ ಅವರಿಗೆ ನಿದ್ದೆ ಬಾರದ್ದೂ ನಿಜವೇ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ನನಗೆ ಸುಲಭ ಆಗಲಿಲ್ಲ. ಆ ಮೆಸೇಜಿಗೆ ನಾನು ಉತ್ತರ ಬರೆಯಲಿಲ್ಲ.

ಅಲ್ಲಿನ ರಾಜಕಾರಣಿಗಳು ಈ ಭಯವನ್ನು ಚೆನ್ನಾಗಿ ಮಾರಿಕೊಂಡರು ಅನ್ನುವುದೂ ನಿಜ. ಅದ್ದುವಿನಲ್ಲಿ ನಮ್ಮ ಹಣದಲ್ಲಿ ಒಂದು ಪೊಲೀಸ್ ಕಾಲೇಜು ಕಟ್ಟಿದರು, 2022ರಲ್ಲಿ ಜೈಶಂಕರ್ ಉದ್ಘಾಟನೆ ಮಾಡಿದರು. ಅದನ್ನೂ ಗುಟ್ಟಿನ ಸೈನಿಕ ನೆಲೆ ಅಂದರು. ನಮ್ಮ ನೌಕಾಪಡೆ ಅವರ ಸಮುದ್ರದ ತಳ ಅಳೆಯಲು 2019ರಲ್ಲಿ ಒಪ್ಪಂದ ಆಗಿತ್ತು. ಅದನ್ನೂ ದೊಡ್ಡದು ಮಾಡಿದರು. ಇದರಲ್ಲಿ ಮಾತ್ರ ನನಗೆ ಅವರ ಸಂಕಟ ಸ್ವಲ್ಪ ಅರ್ಥವಾಗುತ್ತದೆ. ನಮ್ಮ ಬಾವಿಯ ಆಳ ನಮಗಿಂತ ಚೆನ್ನಾಗಿ ಪಕ್ಕದ ಮನೆಯವರಿಗೆ ಗೊತ್ತಿದ್ದರೆ ಹೇಗಿರುತ್ತದೆ ಹೇಳಿ.

2023ರ ಸೆಪ್ಟೆಂಬರಿನಲ್ಲಿ ಪ್ರೆಸಿಡೆಂಟ್ ಚುನಾವಣೆಯಲ್ಲಿ ಮುಯಿಜ್ಜು ಗೆದ್ದರು. ಸೈನಿಕರು ಹೋಗಲೇಬೇಕು ಅಂದರು. ಜನವರಿಯಲ್ಲಿ ಚೀನಾಕ್ಕೆ ಹೋಗಿ ಬಂದು, ಚಿಕ್ಕವರು ಅಂತ ನಮ್ಮನ್ನು ಹೆದರಿಸುವ ಪರವಾನಗಿ ಯಾರಿಗೂ ಇಲ್ಲ ಅಂದರು. ನಮ್ಮ ಟಿವಿಗಳಲ್ಲಿ ಯುದ್ಧವೇ ಶುರುವಾಯಿತು. ಅದೇ ಹೊತ್ತಿಗೆ ಅಕ್ಕನ ಮಗಳ ಟಿಕೆಟ್ ಹೋದದ್ದು. (ಅವರು ಕೊನೆಗೆ ಅಗತ್ತಿಗೂ ಹೋಗಲಿಲ್ಲ. ಪರ್ಮಿಟ್ಟು, ವಿಮಾನ ಎರಡೂ ಹೊಂದಲಿಲ್ಲ. ಊಟಿಗೆ ಹೋದರು.)

ದೆಹಲಿ ಮಾಡಿದ್ದು ಮಾತ್ರ ಟಿವಿಯ ಹಾಗಿರಲಿಲ್ಲ. 2024ರ ಫೆಬ್ರವರಿ ಕೊನೆಗೆ ನಮ್ಮ ತಂತ್ರಜ್ಞರ ಮೊದಲ ತಂಡ ಅದ್ದುವಿಗೆ ಇಳಿಯಿತು. ಸಮವಸ್ತ್ರ ಇಲ್ಲದವರು. ಹೆಲಿಕಾಪ್ಟರ್ ಅದೇ. ಬೆಂಗಳೂರಿನ ಎಚ್‌ಎಎಲ್ ಸಿಬ್ಬಂದಿ ಅಂತ ಮಾಲ್ಡೀವ್ಸ್‌ನ ವಿದೇಶಾಂಗ ಮಂತ್ರಿಯೇ ಆಮೇಲೆ ಹೇಳಿದರು. ಸೈನಿಕರು ಕಂತಿನಲ್ಲಿ ಹೊರಟು ಮೇ 10ರ ಗಡುವಿನೊಳಗೆ ಪೂರ್ತಿ ಖಾಲಿ ಮಾಡಿದರು. ಒಂದು ಕಡೆ ಇದು. ಇನ್ನೊಂದು ಕಡೆ, ಅದೇ ಫೆಬ್ರವರಿ 29ಕ್ಕೆ ಮಾರಿಷಸ್‌ನ ಅಗಲೇಗಾ ದ್ವೀಪದಲ್ಲಿ ನಾವು ಕಟ್ಟಿಕೊಟ್ಟ ಹೊಸ ರನ್‌ವೇ ಉದ್ಘಾಟನೆ ಆಯಿತು. ಮಾರ್ಚ್ 6ಕ್ಕೆ ಮಿನಿಕಾಯ್‌ನಲ್ಲಿ ನೌಕಾಪಡೆಯ ಜಟಾಯು ನೆಲೆ ಶುರುವಾಯಿತು. ಮಿನಿಕಾಯ್ ನಮ್ಮದೇ ನೆಲ, ಆದರೆ ಅಲ್ಲಿನ ಜನ ಆಡುವುದು ದಿವೇಹಿಯ ಒಂದು ರೂಪ. ಮಾಲ್ಡೀವ್ಸ್‌ನ ಉತ್ತರ ತುದಿ ಅಲ್ಲಿಂದ 130 ಕಿಲೋಮೀಟರ್ ಆಸುಪಾಸು. ಒಂದು ಬಾಗಿಲಿಂದ ಮರ್ಯಾದೆಯಾಗಿ ಹೊರಗೆ ಬಂದು, ಪಕ್ಕದ ನಮ್ಮದೇ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡ ಹಾಗೆ. ಇದನ್ನು ನಾನು ಮೆಚ್ಚುತ್ತೇನೆ. ಕೂಗಾಡದೆ ಮಾಡಿದ ಕೆಲಸ.

ಮುಯಿಜ್ಜು ಕೂಡ ಸುಮ್ಮನಿರಲಿಲ್ಲ. ಚೀನಾದ ಜೊತೆ ಸೈನಿಕ ನೆರವಿನ ಒಪ್ಪಂದ ಆಯಿತು, ಟರ್ಕಿಯಿಂದ ಡ್ರೋನ್ ಬಂತು, ಚೀನಾದ ಸಮೀಕ್ಷೆ ಹಡಗು ಮಾಲೆಗೆ ಬಂದು ನಿಂತಿತು. ಸಮುದ್ರ ಅಳೆಯುವ ನಮ್ಮ ಒಪ್ಪಂದವನ್ನು ಮುಂದುವರಿಸಲಿಲ್ಲ. ಆದರೆ ಖಜಾನೆ ಖಾಲಿಯಾಗುತ್ತಿತ್ತು. ನಾನಿದ್ದ ಕಾಲದಲ್ಲೂ ಅಲ್ಲಿ ಡಾಲರ್ ಬರವೇ. ಬ್ಯಾಂಕಿನ ದರ ಡಾಲರಿಗೆ 15.42 ರುಫಿಯಾ, ಆದರೆ ಆ ದರಕ್ಕೆ ಡಾಲರ್ ಸಿಕ್ಕಿದರೆ ತಾನೆ! ಸಂಬಳವನ್ನು ಊರಿಗೆ ಕಳಿಸಲು ಅಂಗಡಿ ಅಂಗಡಿ ತಿರುಗಿದ್ದೇನೆ. 2024ರ ಅಕ್ಟೋಬರಿನಲ್ಲಿ ಮುಯಿಜ್ಜು ದೆಹಲಿಗೆ ಬಂದರು. 40 ಕೋಟಿ ಡಾಲರ್, ಜೊತೆಗೆ 3,000 ಕೋಟಿ ರೂಪಾಯಿಯ ವಿನಿಮಯ ಸೌಲಭ್ಯ ಸಿಕ್ಕಿತು. ಆ ಪ್ರವಾಸದಲ್ಲಿ ಅವರು ಬೆಂಗಳೂರಿಗೂ ಬಂದರು. ಬೆಂಗಳೂರಿನಲ್ಲಿ ಅವರದೊಂದು ಕಾನ್ಸುಲೇಟ್, ಅದ್ದುವಿನಲ್ಲಿ ನಮ್ಮದೊಂದು ಅಂತ ಮಾತಾಯಿತು. 2025ರ ಜುಲೈನಲ್ಲಿ ಅವರ ಸ್ವಾತಂತ್ರ್ಯದ 60ನೇ ವರ್ಷಕ್ಕೆ ಮೋದಿಯವರೇ ಮುಖ್ಯ ಅತಿಥಿ, 4,850 ಕೋಟಿ ರೂಪಾಯಿ ಸಾಲದ ಘೋಷಣೆ. ಮಾಲೆಯ ರಕ್ಷಣಾ ಸಚಿವಾಲಯದ ಕಟ್ಟಡದ ಮೇಲೆ ಮೋದಿಯವರ ಆಳೆತ್ತರಕ್ಕಿಂತ ದೊಡ್ಡ ಚಿತ್ರ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಭಾವ ಬರೆದರು, 'ನೋಡಿದ್ರಾ, ದಾರಿಗೆ ಬಂದರು.'

ದಾರಿಗೆ ಬಂದದ್ದು ಅವರು ಮಾತ್ರವಾ? ಸಮವಸ್ತ್ರ ಬಿಚ್ಚಿಸಿದ್ದು ಅವರು, ಬಿಚ್ಚಲು ಒಪ್ಪಿದ್ದು ನಾವು. ಇದನ್ನೂ ಟೈಪ್ ಮಾಡಿ ಅಳಿಸಿದೆ.

ಮೊನ್ನೆ ಆಗಸ್ಟಿನಲ್ಲಿ ಒಂದು ಮೆಸೇಜ್ ಬಂತು. ನಾಲ್ಕು ವರ್ಷದ ಮೇಲೆ. 'ಮಿಸ್, ಅಮ್ಮನ ಕಣ್ಣಿನ ಆಪರೇಷನ್. ಬೆಂಗಳೂರಿಗೆ ಬಂದಿದ್ದೇವೆ.' ರಾತ್ರಿ ಬಸ್ಸಿಗೆ ಹೊರಟೆ. ಹಳೇ ಏರ್‌ಪೋರ್ಟ್ ರಸ್ತೆ ಕಡೆಯ ಒಂದು ಆಸ್ಪತ್ರೆ. ಹುಡುಗನಿಗೆ ಈಗ ಗಡ್ಡ ಬಂದಿದೆ, ಹೊಟ್ಟೆಯೂ ಬಂದಿದೆ. ಒಂದು ಗೆಸ್ಟ್‌ಹೌಸ್‌ನಲ್ಲಿ ಮ್ಯಾನೇಜರ್ ಅಂತೆ. ಅಜ್ಜ ತೀರಿಹೋಗಿದ್ದಾರೆ. ನಾವು 2021ರ ವಿಷಯ ಎತ್ತಲಿಲ್ಲ. ಅವನು ನನಗೆ ಒಣಗಿಸಿದ ಟ್ಯೂನಾ ತಂದಿದ್ದ, ನಾನು ಅವರಿಗೆ ಹಲಸಿನ ಹಪ್ಪಳ ಒಯ್ದಿದ್ದೆ. ಅಮ್ಮ ಮಂಚದ ಮೇಲೆ ಕೂತಿದ್ದರು, ಒಂದು ಕಣ್ಣಿಗೆ ಪಟ್ಟಿ. ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಎಚ್‌ಎಎಲ್ ಪಕ್ಕದಲ್ಲೇ ಇದೆಯಲ್ಲ. ಮಧ್ಯಾಹ್ನ ಕಿಟಕಿಯ ಗಾಜು ಸಣ್ಣಗೆ ನಡುಗತೊಡಗಿತು. ಪರೀಕ್ಷೆಗೆ ಎಬ್ಬಿಸಿದ್ದಿರಬೇಕು. ಹುಡುಗನ ತಲೆ ಒಂದು ಕಡೆಗೆ ವಾಲಿತು, ಥೇಟ್ ಕ್ಲಾಸಿನಲ್ಲಿ ವಾಲುತ್ತಿದ್ದ ಹಾಗೆ. ನನ್ನದೂ ವಾಲಿತು. ನರ್ಸ್ ತನ್ನ ಪಾಡಿಗೆ ಬಿಪಿ ನೋಡುತ್ತಿದ್ದಳು, ಅವಳಿಗೆ ಅದು ದಿನಾ ಇರುವ ಸದ್ದು.

ಅಮ್ಮ ಪಟ್ಟಿ ಇಲ್ಲದ ಕಣ್ಣನ್ನು ಮೇಲಕ್ಕೆತ್ತಿ ದಿವೇಹಿಯಲ್ಲಿ ಕೇಳಿದರು. 'ಯಾರಿಗೆ ಹುಷಾರಿಲ್ಲ?'